ಕೊಲಿಷನ್ ಸಿಮ್ಯುಲೇಷನ್‌ಗೆ ಜಿಪಿಯು ಬೇಕಾ, ಕೋರ್ ಸಾಕಾ?

ಮಣಿಪಾಲವಿರಲಿ, ಸುರತ್ಕಲ್ ಇರಲಿ, ಪ್ರಾಜೆಕ್ಟಿಗೆ ದುಡ್ಡು ಬಂತೆಂದರೆ ಮೊದಲು ಗ್ರಾಫಿಕ್ಸ್ ಕಾರ್ಡೇ (ಜಿಪಿಯು) ನೆನಪಾಗುತ್ತದೆ. ಕಣಗಳ ಡಿಕ್ಕಿಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶಗಳಾದ ಪೈಥಿಯಾ (ಡಿಕ್ಕಿಯಿಂದ ಹುಟ್ಟುವ ಕಣಗಳಿಗೆ), ಜಿಯಾಂಟ್4 (ಅವು ಡಿಟೆಕ್ಟರಿನಲ್ಲಿ ಸಾಗುವುದಕ್ಕೆ), ಮ್ಯಾಡ್‌ಗ್ರಾಫ್ (ಡಿಕ್ಕಿಯ ಸಂಭವನೀಯತೆ ಲೆಕ್ಕಕ್ಕೆ) ಮೂರನ್ನೂ ಓಡಿಸಿ ನೋಡಿದರೆ ಒಂದೊಂದರ ಹಸಿವು ಒಂದೊಂದು ಥರ.

ಪೈಥಿಯಾಕ್ಕೆ ಕಾರ್ಡ್ ದಂಡ. ಒಂದು ಈವೆಂಟಿಗೂ (ಒಂದು ಡಿಕ್ಕಿಗೂ) ಇನ್ನೊಂದಕ್ಕೂ ಸಂಬಂಧವಿಲ್ಲ. ಪ್ರೊಸೆಸರಿನಲ್ಲಿ 8 ಕೋರ್ ಇದ್ದರೆ 8 ಪ್ರೊಸೆಸ್ ಬಿಟ್ಟರಾಯಿತು. ಎಡವುವುದು ಸೀಡ್‌ನಲ್ಲಿ, ಅಂದರೆ ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುವಾಗುವ ಅಂಕೆಯಲ್ಲಿ. 'ರ‍್ಯಾಂಡಮ್:ಸೆಟ್‌ಸೀಡ್ = ಆನ್' ಎಂದು ಹಾಕದೆ ಸೀಡ್ ಸಂಖ್ಯೆ ಮಾತ್ರ ಬದಲಿಸಿದರೆ ಪೈಥಿಯಾ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಂಟೂ ಫೈಲಿನಲ್ಲಿ ಅವೇ ಈವೆಂಟ್. ಕೂಡಿಸಿದಾಗ ಎರರ್ ಬಾರ್ ಸುಮಾರು 2.8 ಪಟ್ಟು ಸಣ್ಣದಾಗಿ ಚೆಂದ ಕಾಣುತ್ತದೆ, ಅಷ್ಟೂ ಸುಳ್ಳು. ಎರಡು ಫೈಲಿನ ಮೊದಲ ಈವೆಂಟ್ ಪಕ್ಕಪಕ್ಕ ಇಟ್ಟು ನೋಡಿಯೇ ಮುಂದುವರಿಯಿರಿ.

ಜಿಯಾಂಟ್4ನಲ್ಲಿ ಹೀಗೆ ಪ್ರೊಸೆಸ್ ಹೆಚ್ಚಿಸುತ್ತಾ ಹೋದರೆ ರ‍್ಯಾಮ್ ಮುಗಿದು ಸ್ವಾಪ್‌ಗೆ (ಡಿಸ್ಕಿನ ನಿಧಾನದ ಜಾಗಕ್ಕೆ) ಬೀಳುತ್ತದೆ. 2013ರ 10.0 ಆವೃತ್ತಿಯಿಂದ ಮಲ್ಟಿಥ್ರೆಡಿಂಗ್ ಇದೆ: ಜ್ಯಾಮಿತಿ, ಕ್ರಾಸ್ ಸೆಕ್ಷನ್ (ಪ್ರಕ್ರಿಯೆ ನಡೆಯುವ ಸಂಭವನೀಯತೆ) ಕೋಷ್ಟಕಗಳನ್ನು ಥ್ರೆಡ್‌ಗಳು ಹಂಚಿಕೊಳ್ಳುತ್ತವೆ. ಥ್ರೆಡ್ ಸಂಖ್ಯೆಯನ್ನು ಇನಿಷಿಯಲೈಸ್‌ಗಿಂತ ಮೊದಲೇ ಕೊಡಬೇಕು. ಒಂದೇ ವೇರಿಯಬಲ್‌ಗೆ ಎಲ್ಲ ಥ್ರೆಡ್ ಬರೆಯುತ್ತಿದ್ದರೆ ಪ್ರತಿ ಸಲ ಉತ್ತರ ಬೇರೆ ಬರುತ್ತದೆ, ಪ್ರತಿ ಥ್ರೆಡ್ಡಿನ ಲೆಕ್ಕ ಬೇರೆ ಇಟ್ಟು ಕೊನೆಗೆ ಕೂಡಿಸುವ ಅಕ್ಯುಮ್ಯುಲಬಲ್ ಬಳಸಿ. 8 ಕೋರ್‌ನಲ್ಲಿ 16 ಥ್ರೆಡ್ ಹಾಕಿದರೆ ವೇಗ ಇಮ್ಮಡಿ ಆಗುವುದಿಲ್ಲ.

ಜಿಪಿಯು ನಿಜಕ್ಕೂ ದುಡಿಯುವುದು ಮ್ಯಾಡ್‌ಗ್ರಾಫ್‌ನ ಮ್ಯಾಟ್ರಿಕ್ಸ್ ಎಲಿಮೆಂಟಿಗೆ (ಆ ಸಂಭವನೀಯತೆ ಕೊಡುವ ಸೂತ್ರಕ್ಕೆ). ಸಾವಿರಾರು ಬಿಂದುಗಳಿಗೆ ಒಂದೇ ಸೂತ್ರ. ಎನ್ವಿಡಿಯಾ ಕಾರ್ಡಿನಲ್ಲಿ 32 ಥ್ರೆಡ್‌ಗಳು ಕಂಬಳದ ಜೋಡಿ ಕೋಣಗಳಂತೆ ಹೆಜ್ಜೆ ಕೂಡಿಸಿಯೇ ಓಡಬೇಕು. ಡಿಟೆಕ್ಟರಿನಲ್ಲಿ ಒಂದು ಫೋಟಾನ್ ಕಾಂಪ್ಟನ್ (ಎಲೆಕ್ಟ್ರಾನಿಗೆ ಬಡಿದು ಚದುರುವ) ಕಡೆ, ಇನ್ನೊಂದು ಪೇರ್ ಪ್ರೊಡಕ್ಷನ್ (ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗುವ) ಕಡೆ ಹೊರಳುತ್ತದೆ. ಅಲ್ಲಿ ಜಿಪಿಯು ಕುಂಟುತ್ತದೆ. ಉಳಿದ ಕಣಗಳಲ್ಲಿ ಕವಲು ಇನ್ನೂ ಹೆಚ್ಚು. ಡಿಟೆಕ್ಟರ್ ಸಿಮ್ಯುಲೇಷನ್ನನ್ನು ಜಿಪಿಯುಗೆ ತರುವ ಸೆಲೆರಿಟಾಸ್, ಆಡೆಪ್ಟ್ ಯೋಜನೆಗಳು ಮುಖ್ಯವಾಗಿ ಎಲೆಕ್ಟ್ರಾನ್, ಪಾಸಿಟ್ರಾನ್, ಫೋಟಾನ್‌ಗಳನ್ನಷ್ಟೇ ಕಾರ್ಡಿಗೆ ಕಳಿಸುವುದು ಅದಕ್ಕೇ.

ಕೊಳ್ಳುವ ಮೊದಲು ಡಬಲ್ ಪ್ರಿಸಿಷನ್ (64 ಬಿಟ್ ಲೆಕ್ಕದ) ವೇಗ ನೋಡಿ. ಆರ್‌ಟಿಎಕ್ಸ್ 4090ರಲ್ಲಿ ಅದು ಸಿಂಗಲ್‌ನ 64ನೇ ಒಂದು ಭಾಗ, ಎ100ರಲ್ಲಿ ಅರ್ಧ. ಗೇಮಿಂಗ್ ಕಾರ್ಡಿನ ಪೆಟ್ಟಿಗೆ ಮೇಲೆ ಇದನ್ನು ಯಾರೂ ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ! ಒಟ್ಟು ಸಮಯದ 80% ಮ್ಯಾಟ್ರಿಕ್ಸ್ ಎಲಿಮೆಂಟಿಗೆ ಹೋಗುತ್ತಿದ್ದರೆ, ಉಳಿದ 20% ಹಾಗೇ ಉಳಿಯುವುದರಿಂದ ಎಂಥ ಕಾರ್ಡ್ ತಂದರೂ ವೇಗ 5 ಪಟ್ಟು ದಾಟುವುದಿಲ್ಲ. ಮೊದಲು ಪ್ರೊಸೆಸರಿನಲ್ಲೇ ಇರುವ ಎವಿಎಕ್ಸ್2 ಸೂಚನೆಗಳನ್ನು ಹಾಕಿ ಓಡಿಸಿ: ಒಂದೇ ಏಟಿಗೆ 4 ಡಬಲ್, ಖರ್ಚು ಸೊನ್ನೆ.

ಇನ್ನು ಊರಿನ ತಾಪತ್ರಯ. ಏಪ್ರಿಲ್‌ ಸೆಕೆಯಲ್ಲಿ ಎಲ್ಲ ಕೋರ್ ದುಡಿಯುವಾಗ ಲ್ಯಾಪ್‌ಟಾಪಿನ ಕ್ಲಾಕ್ ಇಳಿಯುತ್ತದೆ. ಹೋಲಿಕೆಗೆ ಮೊದಲ ಎರಡು ನಿಮಿಷದ ವೇಗ ನಂಬಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮುಚ್ಚದ ರೂಟ್ ಫೈಲ್ (ಈವೆಂಟ್ ದತ್ತಾಂಶ ಇಡುವ ಫೈಲ್) ಕೈಕೊಡಬಹುದು. 10,000 ಈವೆಂಟಿಗೊಂದು ಫೈಲ್ ಮಾಡಿ, ಹೆಸರಲ್ಲೇ ಸೀಡ್ ಸಂಖ್ಯೆ ಸೇರಿಸಿ.