ಒಂದೇ ಪ್ರಬಂಧಕ್ಕೆ ನಾಲ್ಕು ಉಪಸಂಹಾರ ಬರೆದು ನೋಡಿದೆ

ಕೆಎಎಸ್ ಮುಖ್ಯ ಪರೀಕ್ಷೆಯ ಪ್ರಬಂಧ ಪತ್ರಿಕೆ ಅಂದರೆ 3 ಗಂಟೆ, ಎರಡು ಪ್ರಬಂಧ, 250 ಅಂಕ. ನಾವೆಲ್ಲ ಪೀಠಿಕೆಗೆ ಜೀವ ತೇಯುತ್ತೇವೆ, ಉಪಸಂಹಾರಕ್ಕೆ ಬರುವಷ್ಟರಲ್ಲಿ ಕೈ ಸೋತಿರುತ್ತದೆ. ನಾನು ಅಭ್ಯಾಸಕ್ಕೆಂದು ಬರೆದ ಪ್ರಬಂಧಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮುಕ್ಕಾಲು ಪಾಲು "ಒಟ್ಟಿನಲ್ಲಿ ಹೇಳುವುದಾದರೆ" ಎಂದೇ ಮುಗಿದಿದ್ದವು. ಬೇಜಾರಾಯಿತು. ಬೆಂಗಳೂರಿನ ಕೆರೆಗಳ ಬಗ್ಗೆ ಬರೆದಿದ್ದ ಒಂದು ಪ್ರಬಂಧ ತೆಗೆದುಕೊಂಡು, ಅದಕ್ಕೇ ನಾಲ್ಕು ಬೇರೆ ಬೇರೆ ಕೊನೆ ಬರೆದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಮ್ಮಕ್ಕನಿಗೂ ರೂಮ್‌ಮೇಟ್‌ಗೂ ಓದಲು ಕೊಟ್ಟೆ.

ಪ್ರಬಂಧ ಶುರುವಾಗುವುದು ಮೆಜೆಸ್ಟಿಕ್‌ನಿಂದ. ಅಲ್ಲಿ ಬಸ್ಸಿಗೆ ಕಾಯುವವರು ನಿಂತಿರುವುದು ಹಳೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಆಮೇಲೆ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದದ್ದು, ಕೆರೆಯಿಂದ ಕೆರೆಗೆ ನೀರು ಒಯ್ಯುವ ರಾಜಕಾಲುವೆಗಳ ಒತ್ತುವರಿ, 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು, ಹೀಗೆ ಸಾಗುತ್ತದೆ.

ಮೊದಲನೆಯದು ಸಾರಾಂಶದ ಕೊನೆ. ತಪ್ಪೇನೂ ಇಲ್ಲ, ಆದರೆ ಇಬ್ಬರೂ ಆ ಪ್ಯಾರಾವನ್ನು ಅರ್ಧ ಓದಿ ಹಾಳೆ ಮಗುಚಿದರು. ವಾದ ಜಾಸ್ತಿ ಕವಲೊಡೆದ ವಿಷಯಕ್ಕೆ ಮಾತ್ರ ಇದು ಸಾಕು.

ಎರಡನೆಯದು ಗಾದೆ. "ಹನಿ ಹನಿಗೂಡಿದರೆ ಹಳ್ಳ" ಎಂದು ಮುಗಿಸಿದ್ದೆ. ಓದಲು ಚೆನ್ನಾಗಿತ್ತು, ನನಗೂ ಖುಷಿಯಾಗಿತ್ತು. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ನೀರಿನ ಬಗ್ಗೆ ಯಾರು ಏನು ಬರೆದರೂ ಈ ಗಾದೆ ಅಂಟುತ್ತೆ ಕಣೋ, ನಿನ್ನ ಪ್ರಬಂಧ ಹನಿ ಉಳಿಸುವುದರ ಬಗ್ಗೆ ಇದೆಯಾ?" ಇರಲಿಲ್ಲ. ನನ್ನದು ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ಹೋಗುವ ದಾರಿ ತುಂಡಾದ ಕಥೆ. ಗಾದೆಯೋ ವಚನದ ಸಾಲೋ, ನಮ್ಮ ವಾದಕ್ಕೆ ಸರಿಯಾಗಿ ಕೂರದಿದ್ದರೆ ಸುಮ್ನೆ ಅಲಂಕಾರ ಅಷ್ಟೇ.

ಮೂರನೆಯದು ಪರಿಹಾರದ ಕೊನೆ. "ಸರ್ಕಾರ ಮತ್ತು ಜನರು ಕೈಜೋಡಿಸಬೇಕು" ಎಂದಷ್ಟೇ ಬರೆದರೆ ಅದು ಯಾರ ಕೈ, ಎಲ್ಲಿ ಜೋಡಿಸಬೇಕು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಕೆ.ಸಿ. ವ್ಯಾಲಿ ಯೋಜನೆ ತಂದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆಯಲ್ಲ, ಅದು. ರೂಮ್‌ಮೇಟ್ ತಕ್ಷಣ, ಎರಡು ಹಂತದ ಶುದ್ಧೀಕರಣ ಸಾಕಾ, ಮೂರನೇ ಹಂತ ಬೇಕೆಂದು ಅಲ್ಲಿನ ಜನ ಕೇಳುತ್ತಿಲ್ಲವಾ ಎಂದು ವಾದಕ್ಕಿಳಿದ. ಬಾಗಿಲು ಹಾಕುವ ಹೊತ್ತಿಗೆ ನಾನೇ ಹೊಸ ಜಗಳ ಒಳಗೆ ಕರೆದಿದ್ದೆ. ಆ ಮಾಹಿತಿ ಒಳ್ಳೆಯದೇ, ಆದರೆ ಅದರ ಜಾಗ ಪ್ರಬಂಧದ ನಡುವೆ. ಅಲ್ಲಿಗೇ ಸಾಗಿಸಿದೆ.

ನಾಲ್ಕನೆಯದು ಶುರು ಮಾಡಿದ ಜಾಗಕ್ಕೇ ವಾಪಸ್ ಹೋಗುವುದು. ಮೊದಲ ಸಲ ಪೀಠಿಕೆಯ ಮಾತನ್ನೇ ಸ್ವಲ್ಪ ತಿರುಗಿಸಿ ಬರೆದೆ, ಸಪ್ಪೆಯಾಯಿತು. ಆಮೇಲೆ ಯೋಚಿಸಿದೆ. ಪೀಠಿಕೆ ಓದುವಾಗ ಓದುಗನಿಗೆ ರಾಜಕಾಲುವೆಯ ಕಥೆ ಗೊತ್ತಿರಲಿಲ್ಲ, ಈಗ ಗೊತ್ತಿದೆ, ಹಾಗಾದರೆ ಅದೇ ಮೆಜೆಸ್ಟಿಕ್ ಈಗ ಅವನಿಗೆ ಬೇರೆ ಥರ ಕಾಣಬೇಕು ಅಲ್ವಾ? ಹೀಗೆ ಬರೆದೆ: "ಜೋರು ಮಳೆ ಬಂದ ಸಂಜೆ ರಸ್ತೆಗೆ ನೀರು ನುಗ್ಗಿತು ಎನ್ನುತ್ತೇವೆ. ನೀರಿಗೆ ಬಾಯಿ ಇದ್ದಿದ್ದರೆ, ಕೆರೆಗೆ ರಸ್ತೆ ನುಗ್ಗಿತು ಎನ್ನುತ್ತಿತ್ತು."

ಎರಡು ದಿನ ಬಿಟ್ಟು ಇಬ್ಬರನ್ನೂ ಏನು ನೆನಪಿದೆ ಎಂದು ಕೇಳಿದೆ. ಅಕ್ಕ ಈ ಸಾಲನ್ನೇ ಹೇಳಿದಳು. ರೂಮ್‌ಮೇಟ್‌ಗೆ ಕೋಲಾರದ ವಾದವೂ ನೆನಪಿತ್ತು, ಈ ಸಾಲೂ ನೆನಪಿತ್ತು. ಗಾದೆ ಇಬ್ಬರಿಗೂ ಮರೆತುಹೋಗಿತ್ತು.

ನಾನು ನಾಲ್ಕನೆಯದನ್ನೇ ಆರಿಸಿಕೊಂಡೆ. ಆಡಳಿತದ ವಿಷಯವಾದರೆ, ಪ್ರಬಂಧದ ನಡುವೆ ಆಗಲೇ ಚರ್ಚಿಸಿದ ಒಂದು ಕೆಲಸವನ್ನು, ಉದಾಹರಣೆಗೆ ರಾಜಕಾಲುವೆಯ ಗಡಿ ಅಳೆದು ಕಲ್ಲು ನೆಡುವುದನ್ನು, ಕೊನೆಯ ಸಾಲಿನ ಹಿಂದಿನ ವಾಕ್ಯದಲ್ಲಿ ಸೇರಿಸುತ್ತೇನೆ. ಒಂದು ತೊಡಕಿದೆ. "ನೀರು ಜೀವಜಲ" ಎಂದು ಶುರು ಮಾಡಿದ ಪ್ರಬಂಧದಲ್ಲಿ ವಾಪಸ್ ಹೋಗಲು ಜಾಗವೇ ಇರುವುದಿಲ್ಲ. ಅದಕ್ಕೆ ಈಗ ಪೀಠಿಕೆ ಬರೆಯುವ ಮೊದಲೇ ಉತ್ತರ ಪತ್ರಿಕೆಯ ಕಚ್ಚಾ ಪುಟದಲ್ಲಿ ಕೊನೆಯ ಸಾಲನ್ನು ಗೀಚಿಕೊಳ್ಳುತ್ತೇನೆ, ಒಂದು ಪ್ರಬಂಧಕ್ಕೆ ಸಿಗುವ 90 ನಿಮಿಷದಲ್ಲಿ ಕೊನೆಯ 10 ನಿಮಿಷ ಉಪಸಂಹಾರಕ್ಕೇ ಮೀಸಲು.