ಗೀಸರ್‌ಗೆ ಹಾಕಿದ ವೈಫೈ ಪ್ಲಗ್: ಮೂರು ವರ್ಷದ ಮೇಲೆ

ಮೈಸೂರಿನ ಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ, ನಾನಿರುವುದು ಬೆಂಗಳೂರಿನಲ್ಲಿ. ಗೀಸರ್ ಹಾಕಿ ಮರೆತುಬಿಡುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಮೂರು ವರ್ಷದ ಹಿಂದೆ 1,300 ರೂಪಾಯಿ ಕೊಟ್ಟು 16 ಆಂಪ್‌ನ ವೈಫೈ ಪ್ಲಗ್ ತಂದೆ. ಸಾಕೆಟ್‌ಗೂ ಗೀಸರ್‌ಗೂ ನಡುವೆ ಕೂರುತ್ತದೆ, ಫೋನಿನ ಆ್ಯಪ್‌ನಲ್ಲಿ ಹೊತ್ತು ಇಟ್ಟರೆ ತಾನೇ ಆನ್-ಆಫ್ ಆಗುತ್ತದೆ. (6 ಆಂಪ್‌ನದು ಅಗ್ಗ ಅಂತ ತರಬೇಡಿ. 2,000 ವಾಟ್‌ನ ಗೀಸರ್ ಎಂಟೂಮುಕ್ಕಾಲು ಆಂಪ್ ಎಳೆಯುತ್ತದೆ.)

ಬೆಳಗ್ಗೆ 5:15ಕ್ಕೆ ಟಕ್ ಅನ್ನುತ್ತದೆ. ಆ ಹೊತ್ತಿನಲ್ಲಿ ಆ ಸಣ್ಣ ಸದ್ದು ರೂಮಿನ ತನಕ ಕೇಳುತ್ತದೆ, ಅಮ್ಮನಿಗೆ ಈಗ ಅದೇ ಅಲಾರಂ. ಎದ್ದು ಫಿಲ್ಟರ್‌ಗೆ ಪುಡಿ ಹಾಕಿ, ಬಿಸಿನೀರು ಸುರಿದು ಸ್ನಾನಕ್ಕೆ ಹೋಗುತ್ತಾರೆ. ಬರುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. 6:15ಕ್ಕೆ ಇನ್ನೊಂದು ಟಕ್.

ಕೊಳ್ಳುವಾಗ ನಾನು ಗಮನಿಸದೇ ಇದ್ದದ್ದು ಅದರೊಳಗಿನ ವಾಟ್ ಮೀಟರ್. ಗೀಸರ್ ಎಷ್ಟು ಕರೆಂಟ್ ಎಳೆಯುತ್ತಿದೆ ಅಂತ ನನ್ನ ಫೋನಿನಲ್ಲಿ ಕಾಣುತ್ತದೆ. 15 ಲೀಟರ್ ನೀರು ಕಾಯಲು ಸುಮಾರು ಕಾಲು ಗಂಟೆ ಬೇಕು. ಆಮೇಲೆ ಗೀಸರ್‌ನ ಥರ್ಮೋಸ್ಟಾಟ್ ಕರೆಂಟ್ ಕಡಿದು ವಾಟ್ ಸೊನ್ನೆಗೆ ಇಳಿಯುತ್ತದೆ. 5:50ರ ಆಸುಪಾಸಿನಲ್ಲಿ ಮತ್ತೆ ಸರ್ರನೆ 2,000ಕ್ಕೆ ಏರುತ್ತದೆ: ಅಮ್ಮ ನಲ್ಲಿ ತಿರುಗಿಸಿದರು, ಒಳಗೆ ತಣ್ಣೀರು ಬಂತು ಅಂತ ಅರ್ಥ. ಹಾಸಿಗೆಯಲ್ಲೇ ಫೋನ್ ಹಿಡಿದು ಆ ಎರಡನೆಯ ಏರಿಕೆಗೆ ಕಾಯುತ್ತೇನೆ. ಅದು ಬಂದರೆ ನನ್ನ ದಿನ ಶುರು.

ಇಷ್ಟಾಗಿಯೂ ಕಳೆದ ಆಷಾಢದಲ್ಲಿ ಇದನ್ನು ಕಿತ್ತು ಎಸೆಯುವಷ್ಟು ಕೋಪ ಬಂದಿತ್ತು. ಚರಂಡಿ ಅಗೆಯುವಾಗ ನಮ್ಮ ಬೀದಿಯ ಫೈಬರ್ ಕೇಬಲ್ ತುಂಡಾಯಿತು, ನಾಲ್ಕು ದಿನ ಇಂಟರ್ನೆಟ್ ಇಲ್ಲ. ಟೈಮರ್ ಪ್ಲಗ್‌ನೊಳಗೇ ಇರುತ್ತದೆ, ತೊಂದರೆಯಿಲ್ಲ ಅಂದುಕೊಂಡಿದ್ದೆ. ಆದರೆ ಅದರ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಗಾಳಿಮಳೆಗೆ ಕರೆಂಟ್ ಹೋಗಿ ಬಂದಾಗಲೆಲ್ಲ ಗಂಟೆ ಎಷ್ಟೆಂದು ಇಂಟರ್ನೆಟ್ಟನ್ನೇ ಕೇಳಬೇಕು. ಅದಿಲ್ಲದಿದ್ದರೆ 5:15 ಆದದ್ದೇ ಗೊತ್ತಾಗುವುದಿಲ್ಲ. ಅಮ್ಮನ ಫೋನಿನ ಆ್ಯಪ್ ಕೂಡ ಸುಮ್ಮನಾಯಿತು, ಯಾಕೆಂದರೆ ಈ ಪ್ಲಗ್‌ಗೆ ಹೋಗುವ ಪ್ರತಿ ಆಜ್ಞೆಯೂ ಕಂಪನಿಯ ಸರ್ವರ್‌ಗೆ ಹೋಗಿಯೇ ಬರಬೇಕು, ಪಕ್ಕದ ರೂಮಿನಿಂದ ಒತ್ತಿದರೂ ಅಷ್ಟೆ.

‘ಇವತ್ತು ಟಕ್ ಅನ್ನಲೇ ಇಲ್ಲ ಕಣೇ, ಸ್ಟೂಲ್ ಹತ್ತಿ ಗುಂಡಿ ಒತ್ತಿದೆ’ ಅಂದರು ಅಮ್ಮ. ಸಾಕೆಟ್ ಇರುವುದು ಗೀಸರ್ ಪಕ್ಕ, ಸೂರಿನ ಹತ್ತಿರ. 71 ವರ್ಷ, ಮಂಡಿ ನೋವು, ಒದ್ದೆ ನೆಲ. ಆ ದಿನ ಆಫೀಸಿನಲ್ಲಿ ನನ್ನಿಂದ ಏನೂ ಕೆಲಸವಾಗಲಿಲ್ಲ.

ಇಂಟರ್ನೆಟ್ ಬಂದ ಮೇಲೆ ಆ್ಯಪ್‌ನ ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. ಮೂರು ಪುಟ ಒಳಗೆ ಒಂದು ಆಯ್ಕೆ ಸಿಕ್ಕಿತು: ಕರೆಂಟ್ ಬಂದ ಮೇಲೆ ಪ್ಲಗ್ ಆಫ್ ಇರಬೇಕೋ ಆನ್ ಆಗಬೇಕೋ. ಆನ್ ಅಂತ ಬದಲಿಸಿದೆ. ಈಗ ನೆಟ್ ಇರಲಿ ಬಿಡಲಿ, ಬಾತ್‌ರೂಮ್ ಬಾಗಿಲ ಪಕ್ಕದಲ್ಲಿರುವ ಆ ಸಾಕೆಟ್‌ನ ಮಾಮೂಲಿ ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕಿದರೆ ಗೀಸರ್ ಶುರುವಾಗುತ್ತದೆ. ಕರೆಂಟ್ ಹೋಗಿ ಬಂದಾಗಲೂ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ನಿಜ. ಒಂದರ್ಧ ಯೂನಿಟ್ ಹೆಚ್ಚು ಉರಿಯಲಿ. ಈ ಆಯ್ಕೆಯ ವಿಷಯವನ್ನು ಕಂಪನಿ ಡಬ್ಬಿಯ ಮೇಲೇ ಬರೆಯಬೇಕಿತ್ತು. ವಯಸ್ಸಾದವರ ಮನೆಗೆ ಹೋಗುವ ವಸ್ತು ಇದು.

ಹೊಸದಾಗಿ ಕೊಳ್ಳುವವರು ‘ಮ್ಯಾಟರ್’ (Matter) ಅನ್ನುವ ಗುರುತಿರುವುದನ್ನು ನೋಡಿ. ಬೇರೆ ಬೇರೆ ಕಂಪನಿಗಳ ಇಂಥ ಸ್ಮಾರ್ಟ್ ವಸ್ತುಗಳಿಗೆ ಒಂದೇ ಆಗಿರುವ ಆ ಮಾನದಂಡ ಬಂದದ್ದು 2022ರಲ್ಲಿ. ಅದರ ಪ್ರಕಾರ ಫೋನ್ ಮತ್ತು ಪ್ಲಗ್ ಮನೆಯೊಳಗಿನ ವೈಫೈಯಲ್ಲೇ ಮಾತಾಡಿಕೊಳ್ಳಬಲ್ಲವು. ಸರ್ವರ್ ನಂಬಿ ಕೂತರೆ ಏನಾಗುತ್ತದೆ ಅನ್ನುವುದಕ್ಕೆ 2016ರಲ್ಲಿ ಅಮೆರಿಕದ ರಿವಾಲ್ವ್ ಹಬ್ (ಮನೆಯ ದೀಪ ಮುಂತಾದವನ್ನು ಫೋನಿನಿಂದ ನಡೆಸುವ ಡಬ್ಬಿ) ಉದಾಹರಣೆಗೆ ಇದೆ: ಸರ್ವರ್ ನಿಲ್ಲಿಸಿದರು, ಕೊಂಡವರ ಮನೆಯಲ್ಲಿ ಖಾಲಿ ಡಬ್ಬಿ ಉಳಿಯಿತು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಸ್ಟೂಲನ್ನು ಮಹಡಿಯ ಮೇಲಿಟ್ಟು ಬಂದಿದ್ದೇನೆ.