ರೆಡಿ ಎಳ್ಳು-ಬೆಲ್ಲ: ತಟ್ಟೆ ಹಿಡಿದು ಬರುವ ಮಗುವಿಗೆ ಯಾವುದು ಒಪ್ಪುತ್ತದೆ

ಸಂಕ್ರಾಂತಿಗೆ ಹತ್ತು ದಿನ ಇರುವಾಗಲೇ ಗಾಂಧಿ ಬಜಾರ್, ಮಲ್ಲೇಶ್ವರದ ಎಂಟನೇ ಕ್ರಾಸ್, ಮೈಸೂರಿನ ದೇವರಾಜ ಮಾರುಕಟ್ಟೆ ಸುತ್ತಮುತ್ತಲಿನ ಅಂಗಡಿಗಳಲ್ಲಿ ಎಳ್ಳು-ಬೆಲ್ಲ ರಾಶಿ ಬೀಳುತ್ತದೆ. ಸಿಗುವುದು ಮೂರು ಬಗೆ. ಎಲ್ಲ ಕಲಸಿಟ್ಟ ಮಿಕ್ಸ್ ಒಂದು. ಹೆಚ್ಚಿದ ಕೊಬ್ಬರಿ, ಹೆಚ್ಚಿದ ಬೆಲ್ಲ, ಬಿಡಿಸಿದ ಕಡಲೆಕಾಯಿ ಬೀಜ ಅಂತ ಬೇರೆಬೇರೆಯಾಗಿ ತೂಗಿ ಕೊಡುವುದು ಇನ್ನೊಂದು. ಮನೆಯಲ್ಲೇ ಹೆಚ್ಚಿ, ಆರ್ಡರ್ ತೆಗೆದುಕೊಂಡು ಮಾಡಿಕೊಡುವ ಹೆಂಗಸರದು ಮೂರನೆಯದು.

ರುಚಿಯನ್ನಷ್ಟೇ ನೋಡಿ ಇವಕ್ಕೆ ಅಂಕ ಕೊಟ್ಟರೆ ತಪ್ಪಾಗುತ್ತದೆ. ಎಳ್ಳು-ಬೆಲ್ಲ ಬೀರುವ ಪದಾರ್ಥ. ಬೀರುವವರು ಬಹುಪಾಲು ಆರರಿಂದ ಹನ್ನೆರಡು ವರ್ಷದ ಮಕ್ಕಳು. ಬಡಾವಣೆಯ ಪಾರ್ಕಿನಲ್ಲೋ ಅಪಾರ್ಟ್‌ಮೆಂಟಿನ ಅಂಗಳದಲ್ಲೋ ಹಬ್ಬ ನಡೆದರೆ ತಟ್ಟೆ ಹಿಡಿದ ಮಗು ಗುರುತಿಲ್ಲದವರ ಮುಂದೆಯೂ ಹೋಗಿ ನಿಲ್ಲುತ್ತದೆ. ಸೆಕ್ಯೂರಿಟಿಯವರು, ಕೊರಿಯರ್ ತಂದವರು, ವಾಕಿಂಗ್‌ಗೆ ಬಂದ ಯಾರೋ ತಾತ, ಎಲ್ಲರಿಗೂ ಕೊಡುತ್ತದೆ. ಆ ಮಗು ಸುಲಭವಾಗಿ ಹೊರಬೇಕು, ಎದುರಿಗಿರುವವರು ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಕು. ಇಲ್ಲಿನ ಲೆಕ್ಕವೆಲ್ಲ ಅದರ ಮೇಲೆಯೇ.

ಕಲಸಿದ ಮಿಕ್ಸ್ ಮೊದಲು. ಐದು ಪದಾರ್ಥದಲ್ಲಿ ದುಬಾರಿ ಕೊಬ್ಬರಿ, ಅದಕ್ಕಿಂತ ಎಷ್ಟೋ ಅಗ್ಗ ಹುರಿಗಡಲೆ, ಅಂದರೆ ಪುಟಾಣಿ. ಮೋಸ ಆಗುವುದು ಅಲ್ಲಿಯೇ. ಪಾಕೆಟ್ಟಿನ ಮೇಲ್ಭಾಗದಲ್ಲಿ ಬಿಳಿ ಕೊಬ್ಬರಿ ಚೂರು ಚೆಂದವಾಗಿ ಕಾಣುತ್ತದೆ, ಕೆಳಗೆ ಹೋದಂತೆ ಬರೀ ಪುಟಾಣಿ. ಕೊಳ್ಳುವ ಮುಂಚೆ ಪಾಕೆಟ್ಟನ್ನು ತಲೆಕೆಳಗು ಮಾಡಿ ನಾಲ್ಕು ಸಲ ಕುಲುಕಿ, ಆಮೇಲೆ ತಳ ನೋಡಿ. ಬೆಲ್ಲದ ಪುಡಿಯೂ ಎಳ್ಳೂ ಸೇರಿ ಅಂಟು ಅಂಟಾಗಿ ಕೂತಿದ್ದರೆ ಅದು ಕಲಸಿ ಬಹಳ ದಿನ ಆದದ್ದು, ಇಲ್ಲವೇ ಬೀಜ ಬಿಸಿ ಇರುವಾಗಲೇ ಕಲಸಿದ್ದು. ಬಿಸಿಗೆ ಬೆಲ್ಲ ಬೆವರುತ್ತದೆ, ಆ ತೇವವನ್ನು ಪುಟಾಣಿ ಹೀರಿಕೊಂಡು ಮೆತ್ತಗಾಗುತ್ತದೆ. ಮೆತ್ತಗಾದ ಪುಟಾಣಿಯನ್ನು ಮತ್ತೆ ಗರಿಗರಿ ಮಾಡಲು ಬಿಸಿಲಿಗೆ ಇಟ್ಟರೆ ಬೆಲ್ಲ ಇನ್ನಷ್ಟು ಕರಗುತ್ತದೆ. ಅಂಥ ಮಿಕ್ಸನ್ನು ಸರಿಪಡಿಸುವ ದಾರಿ ಇಲ್ಲ.

ಒಂದು ಕಿಲೋ ಮಿಕ್ಸಿಗೆ ನಮ್ಮ ಪ್ರಕಾರ ಕಡಲೆಕಾಯಿ ಬೀಜ 250 ಗ್ರಾಂ, ಬೆಲ್ಲ 250, ಹುರಿಗಡಲೆ 225, ಕೊಬ್ಬರಿ 175, ಬಿಳಿ ಎಳ್ಳು 100. ಕೊಬ್ಬರಿ ಹಗುರ, ಹಾಗಾಗಿ 175 ಗ್ರಾಂ ಹಾಕಿದರೂ ಕಣ್ಣಿಗೆ ಬೇಕಾದಷ್ಟು ಕಾಣುತ್ತದೆ. ಎಳ್ಳನ್ನು ಇದಕ್ಕಿಂತ ಹೆಚ್ಚು ಮಾಡಿದರೆ ಕೈಗೆ ಸಿಗದೆ ಪಾಕೆಟ್ಟಿನ ತಳದಲ್ಲೇ ಉಳಿಯುತ್ತದೆ. ಹಬ್ಬಕ್ಕೆ ಅದರದೇ ಹೆಸರು, ಆದರೂ ಪ್ರಮಾಣದಲ್ಲಿ ಅದು ಕಿರಿಯದಾಗಿರುವುದೇ ಸರಿ.

ಕಡಲೆಕಾಯಿ ಬೀಜದ ವಿಷಯದಲ್ಲಿ ರೆಡಿ ಮಿಕ್ಸ್ ಹೆಚ್ಚಿನ ಸಲ ಸೋಲುತ್ತದೆ. ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿಸಿ, ಸಿಪ್ಪೆ ಉಜ್ಜಿ, ಕೇರಿ, ಎರಡು ಬೇಳೆಯಾಗಿ ಬಿಡಿಸಿ, ಮಧ್ಯದ ಮೊಳಕೆಯ ಮೂತಿ ತೆಗೆಯಬೇಕು. ಆ ಮೂತಿ ಕಹಿ. ಅಂಗಡಿಯವರು ಅವಸರದಲ್ಲಿ ಸಿಪ್ಪೆ ಉಜ್ಜುತ್ತಾರೆ, ಮೂತಿಯ ಗೊಡವೆಗೆ ಹೋಗುವುದಿಲ್ಲ. ದೊಡ್ಡ ಉರಿಯಲ್ಲಿ ಹುರಿದ ಬೀಜಕ್ಕೆ ಹೊರಗೆ ಕಪ್ಪು ಚುಕ್ಕೆ, ಒಳಗೆ ಹಸಿ ವಾಸನೆ. ಒಂದನ್ನು ಒಡೆದು ನೋಡಿದರೆ ಗೊತ್ತಾಗುತ್ತದೆ: ಒಳಮೈ ತೆಳು ಕೆನೆ ಬಣ್ಣಕ್ಕೆ ತಿರುಗಿರಬೇಕು, ಟಕ್ ಅಂತ ಮುರಿಯಬೇಕು.

ಕೊಬ್ಬರಿಗೆ ಮೂಗೇ ಪರೀಕ್ಷೆ. ಕಮಟು ವಾಸನೆ ಬಂದರೆ ಆಯಿತು, ಒಂದೇ ಒಂದು ಹಳೇ ಗಿಟುಕು ಇಡೀ ಡಬ್ಬಿಯನ್ನು ಕೆಡಿಸುತ್ತದೆ. ತಿಪಟೂರು ಕಡೆಯ ಕೊಬ್ಬರಿ ಅಂತ ಎಲ್ಲರೂ ಹೇಳಿಯೇ ಮಾರುತ್ತಾರೆ, ಹೆಸರಿಗಿಂತ ಹೆಚ್ಚಿದ ಚೂರಿನ ಅಂಚು ನೋಡುವುದು ಮೇಲು. ಕಂದು ಸಿಪ್ಪೆಯನ್ನು ಪೂರ್ತಿ ಹೆರೆದು ತೆಗೆದಿದ್ದರೆ ಚೂರು ಎಲ್ಲ ಕಡೆ ಬೆಳ್ಳಗಿರುತ್ತದೆ. ಯಂತ್ರದಲ್ಲಿ ಕತ್ತರಿಸಿದ್ದು ಉದ್ದನೆಯ ಕಡ್ಡಿಯಾಗಿ ಬರುತ್ತದೆ, ಮಕ್ಕಳ ಗಂಟಲಿಗೆ ಚುಚ್ಚುತ್ತದೆ. ಕಾಲಂಗುಲದ ಚೌಕ ಚೂರೇ ಒಳ್ಳೆಯದು, ಅದು ಇನ್ನೂ ಅಡಕತ್ತರಿಯ ಕೆಲಸವೇ.

ಬೆಲ್ಲದಲ್ಲಿ ಹೊಳೆಯುವ ಹಳದಿ ಬಣ್ಣಕ್ಕೆ ಮರುಳಾಗಬೇಡಿ. ಆ ಬಣ್ಣ ಸಾಮಾನ್ಯವಾಗಿ ಹೈಡ್ರೋಸ್ ಅನ್ನುವ, ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕಿ ತರಿಸಿದ್ದು. ಸ್ವಲ್ಪ ಕಂದಾದ, ಉಗುರಿನಲ್ಲಿ ಗೀರಿದರೆ ಪುಡಿಯಾಗದ ಗಟ್ಟಿ ಅಚ್ಚು ಬೆಲ್ಲ ಹೆಚ್ಚಲು ಸರಿ. ಮೆದು ಬೆಲ್ಲ ಪಾಯಸಕ್ಕಿರಲಿ. ಹೆಚ್ಚಿದ ಬೆಲ್ಲವನ್ನೂ ಕೊಬ್ಬರಿಯನ್ನೂ ಬೇರೆಬೇರೆ ತಟ್ಟೆಯಲ್ಲಿ ಹರಡಿ, ಮೇಲೆ ತೆಳು ಬಟ್ಟೆ ಕಟ್ಟಿ, ಎರಡು ಮೂರು ದಿನ ಬಿಸಿಲಿಗೆ ಇಡಬೇಕು. ಜನವರಿಯ ಬೆಂಗಳೂರಿನಲ್ಲಿ ಬೆಳಗ್ಗೆ ಹತ್ತಕ್ಕೆ ಮೊದಲು ಇಡಬಾರದು, ಇಬ್ಬನಿ ಆರಿರುವುದಿಲ್ಲ. ಸಂಜೆ ನಾಲ್ಕಕ್ಕೆ ಒಳಗೆ ತರಬೇಕು. ಮನೆಯಲ್ಲಿ ಮಾಡಿಕೊಡುವವರನ್ನು ಕೇಳಬೇಕಾದ ಪ್ರಶ್ನೆ ಇದೊಂದೇ: "ಬೆಲ್ಲ ಎಷ್ಟು ದಿನ ಒಣಗಿಸಿದ್ರಿ?" ತಡವರಿಸದೆ ಉತ್ತರ ಕೊಟ್ಟರೆ ಧೈರ್ಯವಾಗಿ ಆರ್ಡರ್ ಕೊಡಬಹುದು.

ಎಳ್ಳು ಚಟಪಟ ಅಂದ ತಕ್ಷಣ ಬಾಣಲೆಯಿಂದ ಇಳಿದಿರಬೇಕು. ಬಾಣಲೆಯಲ್ಲೇ ಬಿಟ್ಟರೆ ಆ ಬಿಸಿಗೇ ಕಹಿಯಾಗುತ್ತದೆ.

ಇನ್ನು ಪಾಕೆಟ್. ಅಂಗಡಿಗಳು ಈ ಭಾಗಕ್ಕೆ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಬಿಸಿ ಸೀಲ್ ಹಾಕಿದ 100 ಗ್ರಾಂ ಪ್ಲಾಸ್ಟಿಕ್ ಕವರು ಹಲ್ಲಿಗೂ ಬಗ್ಗುವುದಿಲ್ಲ, ತೆಗೆದುಕೊಂಡವರು ಜೇಬಿಗೆ ಇಳಿಸಿ ಮುಂದೆ ಹೋಗುತ್ತಾರೆ. ಕಾಗದದ ಕವರು ನೋಡಲು ಲಕ್ಷಣ, ಆದರೆ ಅದೇ ತಟ್ಟೆಯಲ್ಲಿ ಕಬ್ಬಿನ ತುಂಡು ಇದ್ದರೆ ರಸ ಇಳಿದು ತಳ ಕಿತ್ತುಹೋಗುತ್ತದೆ. ಕಬ್ಬನ್ನು ಬೇರೆ ಬುಟ್ಟಿಯಲ್ಲಿಡಿ. ಎಲ್ಲಕ್ಕಿಂತ ಚೆನ್ನಾಗಿ ನಡೆಯುವುದು 40 ಗ್ರಾಂ ಹಿಡಿಯುವ ಚಿಕ್ಕ ಜಿಪ್ ಕವರು. ಕಿಲೋಗೆ 25 ಆಗುತ್ತದೆ, ದೊಡ್ಡವರ ಕೈಯಲ್ಲಿ ಎರಡು ಹಿಡಿ, ಮಗುವಿನ ಬೆರಳಿಗೂ ತೆರೆಯಲು ಬರುತ್ತದೆ. ಎಂಟು ವರ್ಷದ ಮಗುವಿಗೆ ಒಂದು ಸುತ್ತಿಗೆ ಹತ್ತು ಪಾಕೆಟ್, ಹತ್ತು ಸಕ್ಕರೆ ಅಚ್ಚು ಸಾಕು. ಅದಕ್ಕಿಂತ ಹೆಚ್ಚಾದರೆ ತಟ್ಟೆ ಓಲಾಡುತ್ತದೆ, ಕುಂಕುಮದ ಬಟ್ಟಲು ಮೊದಲು ಬೀಳುತ್ತದೆ, ಆಮೇಲೆ ರೇಷ್ಮೆ ಲಂಗದ ಗತಿ ಕೇಳಬೇಡಿ. ಸ್ಟೀಲ್ ತಟ್ಟೆಗಿಂತ ಅಂಚು ಎತ್ತರವಿರುವ ಬಿದಿರಿನ ಬುಟ್ಟಿ ಎಷ್ಟೋ ವಾಸಿ.

ಈ ಲೆಕ್ಕದಲ್ಲಿ ಸೇರದೆ ಉಳಿಯುವವರೂ ಇದ್ದಾರೆ. ಬೆಂಗಳೂರಿನ ಒಂದು ಬಡಾವಣೆಯ ಪಾರ್ಕು, ಸಂಕ್ರಾಂತಿ ಸಂಜೆ. ಒಂದು ಮೂಲೆಯಲ್ಲಿ ಹುಗ್ಗಿ ಬೇಯುತ್ತಿದೆ. ಕಲ್ಲುಬೆಂಚಿನ ಮೇಲೆ ಕೂತಿದ್ದ ತಾತ ಆ ಬಡಾವಣೆಯವರಲ್ಲ, ದಣಿವಾರಿಸಿಕೊಳ್ಳಲು ಕೂತವರು. ಮೊಗ್ಗಿನ ಜಡೆ ಹಾಕಿಕೊಂಡ ಎಂಟು ವರ್ಷದ ಹುಡುಗಿ ಪಾಕೆಟ್ ಚಾಚಿದಳು. "ಹಲ್ಲಿಲ್ಲ ಪುಟ್ಟಾ, ಬೇರೆಯವರಿಗೆ ಕೊಡು" ಅಂದರು. ಹುಡುಗಿ ಪಾಕೆಟ್ ವಾಪಸ್ ತೆಗೆದುಕೊಂಡು ಹೋದಳು. ಹುಗ್ಗಿಯವರ ಹತ್ತಿರ ಶುಂಠಿ ಜಜ್ಜುವ ಕುಟ್ಟಾಣಿ ಇತ್ತು. ಅದನ್ನು ತೊಳೆಸಿ, ಒರೆಸಿ, ಪಾಕೆಟ್ ಸುರಿದು ಕುಟ್ಟಿದಳು. ಪುಟಾಣಿ, ಬೀಜ, ಎಳ್ಳು, ಬೆಲ್ಲ ಪುಡಿಯಾದವು, ಕೊಬ್ಬರಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅದರ ಚೂರನ್ನು ಒಂದೊಂದಾಗಿ ಹೆಕ್ಕಿ ತನ್ನ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ದೊನ್ನೆಗೆ ಸುರಿದು, ಚಮಚ ಸಿಕ್ಕಿಸಿ ತಂದಳು. "ಈಗ ತಿನ್ನಿ ತಾತ, ಕಡಿಯೋದೇ ಬೇಡ."

ತಾತ ತಿಂದರು. ಚಮಚದ ತಳ ಕೆರೆದು ತಿಂದರು.

ಆ ಹುಡುಗಿ ಮಾಡಿದ್ದನ್ನು ಯಾವ ಅಂಗಡಿಯೂ ಪಾಕೆಟ್ ಕಟ್ಟಿ ಮಾರುವುದನ್ನು ನಾವು ನೋಡಿಲ್ಲ, ಮಾರಿದರೂ ಅದು ನಿಲ್ಲುವ ಸರಕಲ್ಲ. ಕುಟ್ಟಿದ ಕೂಡಲೇ ಎಳ್ಳು, ಬೀಜ ಎಣ್ಣೆ ಬಿಡಲು ಶುರುಮಾಡುತ್ತವೆ, ಬೆಲ್ಲ ಅದಕ್ಕೆ ಅಂಟುತ್ತದೆ, ಮಾರನೆಯ ದಿನಕ್ಕೆ ಗಟ್ಟಿ ಮುದ್ದೆ. ಹಬ್ಬದ ಜಾಗದಲ್ಲೇ ಮಾಡಬೇಕು. ಕುಟ್ಟಾಣಿ ಇಲ್ಲದಿದ್ದರೆ ಮಿಕ್ಸಿಯಲ್ಲಿ ಎರಡೇ ಎರಡು ಸಲ ಚಕ್ ಚಕ್ ಅನ್ನಿಸಿ ನಿಲ್ಲಿಸಿ, ಮೂರನೇ ಸಲಕ್ಕೆ ಅದು ಚಿಗಳಿ, ಅಂದರೆ ಎಳ್ಳು-ಬೆಲ್ಲ ಕುಟ್ಟಿ ಕಟ್ಟುವ ಉಂಡೆ, ಆಗುವ ಹಾದಿ ಹಿಡಿದಿರುತ್ತದೆ. ಕೊಬ್ಬರಿ ಹಾಕದೆ ಬೀಜ, ಪುಟಾಣಿ ಮೊದಲು, ಎಳ್ಳು ಆಮೇಲೆ, ಬೆಲ್ಲ ಕೊನೆಗೆ. ಒಣಪುಡಿ ಗಂಟಲಿಗೆ ಹತ್ತದಂತೆ ಪಕ್ಕದಲ್ಲಿ ನೀರಿರಲಿ. ಬಿಡಿ ಪದಾರ್ಥ ಕೊಳ್ಳಿ ಅಂತ ನಾವು ಹೇಳುವುದಕ್ಕೆ ಇದೂ ಒಂದು ಕಾರಣ. ಕಲಸಿದ ಮಿಕ್ಸಿನಿಂದ ಕೊಬ್ಬರಿ ಹೆಕ್ಕುತ್ತಾ ಕೂರುವ ತಾಳ್ಮೆ ಎಲ್ಲ ಮಕ್ಕಳಿಗೂ ಇರುವುದಿಲ್ಲ, ದೊಡ್ಡವರಿಗಂತೂ ಇಲ್ಲವೇ ಇಲ್ಲ.

ಬಿಡಿಯಾಗಿ ಕೊಂಡರೆ ಇನ್ನೂ ಎರಡು ಬಗೆ ಮಾಡಿಟ್ಟುಕೊಳ್ಳಬಹುದು. ಕಡಲೆಕಾಯಿ ಬೀಜ ಆಗದವರಿಗೆ ಅದಿಲ್ಲದ್ದು, ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಬಿಟ್ಟದ್ದು. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಸಿರು ದಾರ ಕಟ್ಟಿ, ತಟ್ಟೆ ಹಿಡಿಯುವ ಮಗುವಿಗೆ ಯಾವುದು ಯಾವುದು ಅಂತ ಹೇಳಿಕೊಟ್ಟರೆ ಸಾಕು. ಆದರೆ ಬೀಜದ ಅಲರ್ಜಿ ಜೋರಾಗಿರುವವರಿಗೆ ಇದೂ ಬೇಡ, ಒಂದೇ ಮೊರದಲ್ಲಿ ಕೇರಿದ ಎಳ್ಳಿನಲ್ಲಿ ಬೀಜದ ಪುಡಿ ಇದ್ದೇ ಇರುತ್ತದೆ. ಎಳ್ಳೇ ಆಗದವರೂ ಇದ್ದಾರೆ. ಈ ಅಲರ್ಜಿಯವರಿಗೆಲ್ಲ ಬಾಳೆಹಣ್ಣು ಕೊಡಿ. ಐದು ವರ್ಷದೊಳಗಿನ ಮಕ್ಕಳಿಗೂ ಬಾಳೆಹಣ್ಣೇ. ಇಡೀ ಬೀಜ, ಕೊಬ್ಬರಿ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಸಕ್ಕರೆ ಅಚ್ಚನ್ನು ಅಂಗಡಿಯಿಂದ ತಂದರೆ ತಪ್ಪೇನಿಲ್ಲ. ಮನೆಯಲ್ಲಿ ಮರದ ಅಚ್ಚು ನೆನೆಸಿ, ಹಾಲು ಹಾಕಿ ಕಶ್ಮಲ ತೆಗೆದು, ಪಾಕ ಹಿಡಿದು ಹುಯ್ಯುವುದು ಅನುಭವಸ್ಥರ ಕೆಲಸ. ಪಾಕ ಎಳೆಯದಾದರೆ ಅಂಟುತ್ತದೆ, ಮಿಂಚಿದರೆ ಹುಯ್ಯುವಾಗಲೇ ಗಟ್ಟಿಯಾಗಿ ಗಿಳಿಯ ಮೂತಿ ತುಂಬುವುದಿಲ್ಲ. ಕೊಳ್ಳುವಾಗ ಉದ್ದ ಕತ್ತಿನ ನವಿಲು, ಹಂಸ ಬೇಡ. ಮಗು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ತಲೆ ಬೇರೆ, ದೇಹ ಬೇರೆ. ಮಂಟಪ, ತುಳಸಿಕಟ್ಟೆ, ಬಾಳೆಹಣ್ಣಿನ ಆಕಾರದವು ಗಟ್ಟಿಮುಟ್ಟು. ಬಣ್ಣ ಹಾಕಿದ್ದಕ್ಕಿಂತ ಬಿಳಿಯದೇ ಇರಲಿ, ಬೆವರಿದ ಕೈಗೆ ಗುಲಾಬಿ ಬಣ್ಣ ಹತ್ತುತ್ತದೆ.

ಅಂತೂ ನಮ್ಮ ಅಂಕ ಹೀಗೆ. ಕಲಸಿದ ಮಿಕ್ಸಿಗೆ ಐದಕ್ಕೆ ಎರಡೂವರೆ, ಹತ್ತಿಪ್ಪತ್ತು ಜನರಿಗೆ, ಅದೂ ಅಂದೇ ಕಲಸಿದ್ದಾದರೆ. ಮನೆಯಲ್ಲಿ ಮಾಡಿಕೊಡುವವರಿಗೆ ನಾಲ್ಕು. ರುಚಿ ಮೇಲು, ಆದರೆ ಹಬ್ಬದ ವಾರ ಆರ್ಡರ್ ಹೆಚ್ಚಾದರೆ ಒಣಗಿಸುವ ದಿನ ಕಡಿಮೆಯಾಗುತ್ತದೆ. ಹೆಚ್ಚಿದ ಕೊಬ್ಬರಿ, ಬೆಲ್ಲವನ್ನು ಬಿಡಿಯಾಗಿ ಕೊಂಡು, ಬೀಜ ಮತ್ತು ಎಳ್ಳನ್ನು ಮನೆಯಲ್ಲೇ ಹುರಿದು, ಹಬ್ಬದ ಹಿಂದಿನ ರಾತ್ರಿ ಕಲಸುವುದಕ್ಕೆ ನಾಲ್ಕೂವರೆ. ನೂರು ಪಾಕೆಟ್ಟಿಗೆ ನಾಲ್ಕು ಕಿಲೋ, ಚೆಲ್ಲುವುದಕ್ಕೂ ಹೆಚ್ಚುವರಿಯಾಗಿ ಬರುವವರಿಗೂ ಸೇರಿಸಿ ನಾಲ್ಕೂವರೆ ಕಿಲೋ. ಇಬ್ಬರು ಕೂತರೆ ತುಂಬಲು ಒಂದೂವರೆ ಗಂಟೆ ಹಿಡಿಯುತ್ತದೆ. ಜನವರಿ 8ರೊಳಗೆ ಕೊಳ್ಳಿ, ಆಮೇಲಿನ ಸರಕು ಅವಸರದ್ದು.

ಕೊಳ್ಳಲು ತಡವಾದರೂ ಗಾಬರಿ ಬೇಡ. ರಥಸಪ್ತಮಿಯವರೆಗೆ ಎಳ್ಳು ಬೀರುವ ರೂಢಿ ಇದೆ. ಹಬ್ಬ ಮುಗಿದ ವಾರ ಅಂಗಡಿಯವರು ಉಳಿದ ಮಿಕ್ಸನ್ನು ರೇಟು ಇಳಿಸಿ ಮುಂದಿಡುತ್ತಾರೆ, ಅದನ್ನು ಮುಟ್ಟಬೇಡಿ. ಅರ್ಧ ಕಿಲೋ ಬೀಜ ತಂದು ಹೊಸದಾಗಿ ಹುರಿದುಕೊಳ್ಳಿ.